ನಾನು ಹತ್ತದ ನಾಲ್ಕನೇ ಮಹಡಿ

ಮರಾಠವಾಡದಲ್ಲಿ ನನ್ನಂಥ ಅಂಚೆಯವನು ಹುಟ್ಟಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಭೂಮಿಗೆ ಎರಡು ಸುತ್ತು ಸೈಕಲ್ ತುಳಿದಿದ್ದೇನೆ. ಆದರೆ ಈ ಮೇ ತಿಂಗಳು ಸಂಭಾಜಿನಗರದ ಬಿಸಿಲಿಗೆ ನನ್ನ ಮಂಡಿಗಳು ಸೋತವು. ರಿಜಿಸ್ಟರ್ ಪತ್ರವನ್ನು ಕೈಗೇ ಕೊಟ್ಟು ಸಹಿ ಪಡೆಯಬೇಕು. ಮನೆಯವರು ಸಿಗದಿದ್ದರೆ ಏಳು ದಿನ ಇಟ್ಟು ವಾಪಸ್ ಕಳಿಸಬೇಕು. ಲಿಫ್ಟಿಲ್ಲದ ಕಟ್ಟಡವೊಂದರ ನಾಲ್ಕನೇ ಮಹಡಿಯ ಪ್ರಿಯಾಳ ನೌಕರಿ ಪತ್ರದ ಮೇಲೆ ನಾನು ಮೆಟ್ಟಿಲು ಹತ್ತದೆಯೇ ಮೂರು ಸಲ ‘ಬಾಗಿಲಿಗೆ ಬೀಗ’ ಎಂದು ಬರೆದೆ.

ಪತ್ರ ಮರಳಿದರೆ ಹುಡುಗಿಯ ನೌಕರಿ ಹೋದೀತೆಂದು ಏಳನೆಯ ದಿನ ಮಧ್ಯಾಹ್ನ ಹತ್ತಿದೆ. ಆ ಉರಿಯಲ್ಲೂ ಮೆಟ್ಟಿಲ ಕಬ್ಬಿಣದ ಕಂಬಿ ತಣ್ಣಗಿತ್ತು. ಅವಳ ತಾಯಿ ಕಾಶಿಬಾಯಿ ಬಾಗಿಲು ತೆರೆದರು. ನಾನು ಅವರನ್ನು ನೋಡಿದ್ದು ಅದೇ ಮೊದಲು.

“ಮತ್ತ ಬಂದ್ರೇನ್ರಿ ಅಣ್ಣಾರ? ಇವತ್ತರ ನೀರು ಕುಡೀತೀರೋ, ದಿನದಂಗ ಮಾತಾಡದs ಹೋಗ್ತೀರೋ?”

“ಅಕ್ಕಾರ, ಪ್ರಿಯಾಂದು ಪತ್ರ ಅದರಿ.”

“ಚಾಷ್ಟಿ ಮಾಡ್ತೀರೇನ್ರಿ? ಸೋಮವಾರ ನೀವೇ ಕೊಟ್ರಲ್ರಿ! ನಿಮ್ಮ ಕೈ ಬರ್ಫದಂಗ ಇತ್ತು. ಅಕಿ ಅದನ್ನ ತೋರಿಸಿ ನಾಸಿಕದಾಗ ಕೆಲಸಕ್ಕ ಸೇರ್ಯಾಳ.”

ನೀರು ಕುಡಿದು ಇಳಿದೆ. ಇಡೀ ಜಿಲ್ಲೆಗೆ ಧೈರ್ಯ ಹಂಚುವ ನನಗೆ ಆ ಪತ್ರ ವಾಪಸ್ ಕಳಿಸುವ ಧೈರ್ಯವಾಗಲಿಲ್ಲ. ಪ್ರಿಯಾ ಇಂದಿಗೂ ನಾಸಿಕದಲ್ಲಿ ದುಡಿಯುತ್ತಿದ್ದಾಳೆ. ಪತ್ರ ನನ್ನ ಮನೆಯಲ್ಲಿದೆ; ಲಕೋಟೆಯನ್ನು ಯಾರೂ ಒಡೆದಿಲ್ಲ.