ಎಂಜಲು ತಾಗಿದ ತಗಡು

"ಏನರ ಮಾಡು ತಮ್ಮಾ, ಈ ತಗಡಿಗೆ ಎಂಜಲಾ ಮಾತ್ರ ತಾಗಸಬ್ಯಾಡ," ಎಂದು ಜುಲೇಖಾಬಿ ಹೇಳಿದಾಗ ಗೌರೀಶ ನಕ್ಕುಬಿಟ್ಟ. ಮನಸ್ಸಿನಲ್ಲೇ ನಕ್ಕಿದ್ದರೆ ಬೇರೆ ಮಾತು. ಹಲ್ಲು ಕಾಣುವ ಹಾಗೆ ನಕ್ಕ.

ಗುಡಗೇರಿ ಸ್ಟೇಶನ್ನಿನ ಹಿಂದೆ, ಒಂದು ಕಾಲಕ್ಕೆ ಒಣಮೆಣಸಿನಕಾಯಿ ತುಂಬುತ್ತಿದ್ದ ಗೋದಾಮಿನಲ್ಲಿ ಈ ಮುದುಕಿ ಅಚ್ಚಿನ ಚಿತ್ರ ಕಲಿಸುತ್ತಿದ್ದಳು. ಗೌರೀಶ ಹುಬ್ಬಳ್ಳಿಯ ಚಿತ್ರಕಾರ. ಬಣ್ಣದಲ್ಲಿ ಹೆಸರು ಬರಲಿಲ್ಲವೆಂದು ತಾಮ್ರಕ್ಕೆ ಬಂದವನು. ಕೆಲಸವೇನೋ ಚೆಂದದ್ದೇ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಬಿಸಿ ಕೊಟ್ಟು ಅಂಟಿಸಿ, ತೇಜಾಬು, ಅಂದರೆ ಆಮ್ಲ, ಸವರಿದರೆ ತಾಮ್ರ ಕಾಳುಕಾಳಾಗಿ ಸವೆಯುತ್ತದೆ. ಸವೆದಲ್ಲಿ ಮಸಿ ನಿಲ್ಲುತ್ತದೆ. ವಾರ್ನಿಶ್ ಹಚ್ಚಿ ಮುಚ್ಚಿದ ಜಾಗ ನುಣ್ಣಗೆ ಉಳಿದು, ಕಾಗದದ ಮೇಲೆ ಬೆಳ್ಳಗೆ ಬರುತ್ತದೆ. ನೆರಳು ನೀರುಬಣ್ಣದಂತೆ ಮೆತ್ತಗೆ ಹರಡಬೇಕೆಂದರೆ ಮೊದಲು ಉಗುಳು ಸವರಿ, ಅದರ ಮೇಲೆ ತೇಜಾಬಿನ ಕುಂಚ ಮುಟ್ಟಿಸಬೇಕು. ಅದು ಈ ಕಸುಬಿನ ಹಳೆಯ ಉಪಾಯ. ಜುಲೇಖಾಬಿ ಮಾತ್ರ ಉಗುಳು ಮುಟ್ಟುತ್ತಿರಲಿಲ್ಲ. ಗೋಂದಿನ ನೀರು ಬಳಸುತ್ತಿದ್ದಳು. ಗೋಂದಿನ ನೆರಳಿಗೆ ಅಂಚು ಬಿರುಸು ಎಂದು ಗೌರೀಶ ದಿನವೂ ಗೊಣಗುತ್ತಿದ್ದ.

ಆ ತಗಡು ಯರಗುಪ್ಪಿಯ ಹೊಲದ ಬದುವಿನಲ್ಲಿ ಅಗೆಯುವಾಗ ಸಿಕ್ಕಿದ್ದು. ಕೈಯಿಂದ ಬಡಿದ ದಪ್ಪ ತಾಮ್ರ, ಬೆನ್ನಿಗೆ ಜುಲೇಖಾಬಿ ಬಟ್ಟೆ ಅಂಟಿಸಿ ಮುಚ್ಚಿದ್ದಳು.

"ಯಾರೋ ಯಾರಿಗೋ ಮಾಟಾ ಮಾಡಿಸಿ ಹುಗದಿದ್ದು," ಎಂದಳು ಜುಲೇಖಾಬಿ. "ಎಂಜಲಾ ತಾಗಿತಂದ್ರ ಅದರ ಮ್ಯಾಲೆ ಬರದ ಮಾರಿ ಬರೇ ಚಿತ್ರಾ ಆಗಿ ಉಳ್ಯೂದಿಲ್ಲ."

"ಹಂಗಾರ ಕರಗಿಸಿಬಿಡ್ರಿ ಚಾಚಿ."

ಆಕೆ ಪಡಸಾಲೆಯತ್ತ ನೋಡಿದಳು. ಅಲ್ಲಿ ಆಕೆಯ ಗಂಡ ಅಬ್ದುಲಗನಿ ಕುರ್ಚಿಯಲ್ಲಿ ಕೂತಿದ್ದ. ಬಾಯಿಗೆ ಸದಾ ಬಿಳಿ ವಸ್ತ್ರ. ಗೌರೀಶ ಬಂದ ಇಪ್ಪತ್ತು ದಿನಗಳಲ್ಲಿ ಒಂದು ಮಾತೂ ಆಡಿರಲಿಲ್ಲ. ಲಕ್ವಾ ಹೊಡೆದಿರಬೇಕೆಂದು ಇವನು ತಿಳಿದಿದ್ದ.

"ಕರಗಸಾಕ ಬರೂದಿಲ್ಲ," ಎಂದಳು ಜುಲೇಖಾಬಿ, ಅಷ್ಟೇ.

ಗೌರೀಶನಿಗೆ ಆ ತಗಡೇ ಬೇಕಾಗಿತ್ತು. ಅದರ ಮೇಲೆ ಹೆಂಡತಿ ರೋಹಿಣಿಯ ಮುಖ ಬರೆಯಬೇಕಾಗಿತ್ತು. ರೋಹಿಣಿಯ ಎಡಗಣ್ಣಿನಲ್ಲಿ ಚಿಕ್ಕಂದಿನಿಂದ ಹೂ ಬಿದ್ದಿತ್ತು. ಅದರಲ್ಲಿ ಬೆಳಕೂ ಕಾಣದು. ಉಳಿದ ಬಲಗಣ್ಣೊಂದರಲ್ಲೇ ಸೂಜಿಗೆ ದಾರ ಪೋಣಿಸಿ, ಊರವರ ಕುಪ್ಪಸ ಹೊಲಿದು, ಎಂಟು ವರ್ಷದಿಂದ ಇವನ ಚಿತ್ರದ ಹುಚ್ಚನ್ನು ಸಾಕಿದವಳು. ಚಿತ್ರದಲ್ಲಾದರೂ ಅವಳಿಗೆ ಎರಡು ಕಣ್ಣಿರಲಿ ಎಂದು ಅವನ ಆಸೆ. ಪ್ರೀತಿಯೇ, ಅನುಮಾನವಿಲ್ಲ.

ಸಂತೆಯ ದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿದ್ದ ರೋಹಿಣಿಗೆ ಫೋನಿನಲ್ಲಿ ಹೇಳಿದ: "ಅಚ್ಚು ಒತ್ತಿದಾಗ ಎಡಾ ಬಲಾ ಅದಲಬದಲ ಆಗತೈತಿ. ಅದಕ್ಕ ತಗಡಿನಾಗ ನೀ ಕನ್ನಡ್ಯಾಗ ಇದ್ದಂಗ ಇರ್ತಿ. ಬಲಕ್ಕ ಬಲಾ, ಎಡಕ್ಕ ಎಡಾ."

"ನನಗೇನ ತಿಳೀತೈತ್ರಿ. ಚೆಂದ ಬರೀರಿ," ಎಂದು ಅವಳು ನಕ್ಕಳು.

ಜುಲೇಖಾಬಿ ಸಂತೆಗೆ ಹೋದಳು. ರಾಳದ ಪುಡಿ ಗಾಳಿಗೆ ಹಾರಬಾರದೆಂದು ಗೌರೀಶ ಕದ, ಕಿಟಕಿ ಎಲ್ಲ ಮುಚ್ಚಿದ. ನಡುಮಧ್ಯಾಹ್ನವೇ ಗೋದಾಮು ಕತ್ತಲಾಯಿತು. ಹಳೆಯ ಮೆಣಸಿನಕಾಯಿಯ ಘಾಟು, ಕಾದ ರಾಳದ ಸಿಹಿ ಹೊಗೆ, ತಾಮ್ರದ ಕಿಲುಬು. ಬಲ್ಬಿನ ಕೆಳಗೆ ರೋಹಿಣಿಯ ಮುಖ ತಗಡಿನ ಮೇಲೆ ಮೂಡಿತು. ಎರಡೂ ಕಣ್ಣು ಒಂದೇ ಸಮ, ಹೂವಿಲ್ಲ.

ಬೆರಳನ್ನು ಬಾಯಿಗಿಟ್ಟು ಒದ್ದೆ ಮಾಡಿದ. ಎರಡೂ ಕೆನ್ನೆಗೆ ಉಗುಳು ಸವರಿದ. ಕುಂಚ ತೇಜಾಬಿಗೆ ಅದ್ದಿ ಮುಟ್ಟಿಸಿದ.

ಸುರ್ ಎಂದಿತು. ನೆರಳು ಹರಡಿತು. ಅಂಥ ಮೆತ್ತನೆಯ ನೆರಳನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ನೋಡುತ್ತ ನಿಂತವನ ಮೂಗಿಗೆ ಇನ್ನೊಂದು ವಾಸನೆ ಬಡಿಯಿತು. ಕೂದಲು ಸುಟ್ಟ ವಾಸನೆ.

ಫೋನು ಹೊಡೆದುಕೊಂಡಿತು.

"ರೀ, ಗಲ್ಲಾ ಉರ್ಯಾಕ ಹತ್ಯಾವ್ರಿ! ಎರಡೂ ಗಲ್ಲಾ! ನೀರ ಹಾಕಿದ್ರೂ ನಿಲ್ಲವಲ್ದು!"

ಗೌರೀಶ ತಗಡಿನ ಮೇಲೆ ಕೊಡ ಬಗ್ಗಿಸಿದ. ತೇಜಾಬು ಹರಿದುಹೋಯಿತು. ಸುರ್ ಎನ್ನುವುದು ನಿಲ್ಲಲಿಲ್ಲ. ಒರೆಸಿದ. ನಿಲ್ಲಲಿಲ್ಲ. ಎರಡೂ ಕೆನ್ನೆಯಿಂದ ಕಪ್ಪು ಮೇಲಕ್ಕೇರುತ್ತಿತ್ತು.

ಕದ ತೆರೆದು ಜುಲೇಖಾಬಿ ಬಂದಳು. ಮೂಸಿ ನೋಡಿದಳು. ಕೈಯಲ್ಲಿದ್ದ ಸಂತೆಯ ಚೀಲ ಬಿತ್ತು.

"ಹಚ್ಚಿದ್ಯಾ? ಹಚ್ಚೇ ಬಿಟ್ಯಾ? ವಾರ್ನಿಶ್ ತಗೋ! ಒಂದ ಕಡೆ ಮುಚ್ಚಾಕ ಬಿಡತೈತಿ, ಒಂದಽ ಕಡೆ! ಎರಡನೇದ್ದಕ್ಕ ಒಪ್ಪೂದಿಲ್ಲ. ಇದರ ಬೆನ್ನಿಗೆ ಇವ್ರ ಮಾರಿ ಐತಿ. ನಾ ಕಣ್ಣು ಮುಚ್ಚಿದ್ದೆ. ಬಾಯಿ ಹೋತು!"

ಅವಳ ಹಿಂದೆ ಅಬ್ದುಲಗನಿ ಬಂದು ನಿಂತಿದ್ದ. ವಸ್ತ್ರ ಜಾರಿತ್ತು. ಮೂಗಿನ ಕೆಳಗೆ ಬಾಯಿ ಇರಲಿಲ್ಲ. ಕಾಳುಕಾಳಾಗಿ ಸವೆದ ಕಪ್ಪು ಗುಳಿ ಇತ್ತು.

"ಬಲಗಣ್ಣ ಹತ್ರ ಬಂತ್ರೀ!" ಫೋನಿನಲ್ಲಿ ರೋಹಿಣಿ ಚೀರಿದಳು. "ಬಲಗಣ್ಣು! ಬಲಗಣ್ಣು!"

ಎಂಟು ವರ್ಷ ಅವಳು ಎದುರಿಗೆ ಕೂತಿದ್ದಳು. ಎದುರಿಗೆ ಕೂತವಳ ಬಲಗಣ್ಣು ಅವನ ಎಡಗೈ ಕಡೆ. ಕೈಗೆ ಅಷ್ಟೇ ನೆನಪಾಯಿತು. ಕುಂಚ ಎಡಕ್ಕೆ ಹೋಯಿತು. ಎಡಗಡೆಯ ಕಣ್ಣನ್ನು ವಾರ್ನಿಶಿನಿಂದ ಗಟ್ಟಿಯಾಗಿ ಮುಚ್ಚಿದ. ಉಸಿರು ಬಿಟ್ಟ.

ಕಪ್ಪು ಬಲಗಡೆಯ ಕಣ್ಣನ್ನು ತಿಂದಿತು. ಆಗ ನೆನಪಾಯಿತು. ಕನ್ನಡಿ. ಕುಂಚ ಮತ್ತೆ ಅದ್ದಿ ಬಲಕ್ಕೆ ಹಚ್ಚಿದ. ವಾರ್ನಿಶ್ ನಿಲ್ಲಲಿಲ್ಲ, ಬಿಸಿ ಹೆಂಚಿನ ಮೇಲಿನ ನೀರಿನಂತೆ ಓಡಿತು. ಫೋನಿನಲ್ಲಿ ಈಗ ಚೀರಾಟವಿರಲಿಲ್ಲ.

"ರೀ, ಲೈಟ್ ಹೋತೇನ್ರಿ?" ಎಂದಳು ರೋಹಿಣಿ.

ಡಾಕ್ಟರಿಗೆ ಕಾರಣ ಸಿಗಲಿಲ್ಲ. ತಗಡಿಗೆ ಏನಾದರೂ ಆದರೆ ಅವಳಿಗೂ ಆದೀತೆಂಬ ಹೆದರಿಕೆಯಿಂದ ಗೌರೀಶ ಗುಡಗೇರಿ ಬಿಟ್ಟು ಕದಲಲಿಲ್ಲ. ತಿಂಗಳಾದ ಮೇಲೆ ಅವಳನ್ನೇ ಗೋದಾಮಿಗೆ ಕರೆಸಿಕೊಂಡ. ಮಾಟದ ಸಂಗತಿ ಜುಲೇಖಾಬಿ ಆಗಲೇ ಫೋನಿನಲ್ಲಿ ಅವಳಿಗೆ ಹೇಳಿದ್ದಳು. ಬಲಗಣ್ಣು ಮುಚ್ಚುವಷ್ಟರಲ್ಲಿ ಹೊತ್ತು ಮೀರಿತ್ತೆಂದು ಗೌರೀಶ ಹೇಳಿದ್ದ.

"ಕೈಗೆ ಕೊಡ್ರಿ," ಎಂದಳು ರೋಹಿಣಿ.

ಬೆರಳು ಕೆನ್ನೆಯ ಮೇಲೆ ಹೋಯಿತು. ಮರಳಿನಂಥ ತರಿ. ಬಲಗಡೆಯ ಕಣ್ಣು ತರಿ. ಎಡಗಡೆ ಬಂದು ಬೆರಳು ನಿಂತಿತು.

"ಇದು ನುಣ್ಣಗೈತಿ. ಮುಚ್ಚಿದ್ದು ಇದಽ ಅಲ್ಲೇನ್ರಿ?"

ಗೌರೀಶ ತಗಡನ್ನು ಮೆಲ್ಲಗೆ ಹಿಂದಕ್ಕೆಳೆದ, ಅವಳು ಬಿಡಲಿಲ್ಲ.

"ಎಡಕ್ಕ ಎಡಾ ಅಂದಿದ್ರಿ. ಹೂವಿನ ಕಣ್ಣು ಉಳಿಸೀರಿ. ನಾ ಎಷ್ಟ ಸಲ ಬಲಗಣ್ಣು ಅಂದ್ನಿರಿ?"

"ತಪ್ಪಾತು ರೋಹಿಣಿ. ಗಾಬರ್ಯಾಗ..."

ಅವಳ ಬೆರಳು ತಗಡಿನ ಅಂಚಿಗೆ ಹೋಗಿ, ಮೂಲೆಯಲ್ಲಿ ಸವೆಯದ ನುಣುಪು ಜಾಗ ಹುಡುಕಿತು. ಅಂಗೈಯಗಲ ಇತ್ತು.

"ಚಾಚಿ, ಇಲ್ಲೆ ಒಂದು ಮಾರಿ ಹಿಡಿತೈತೇನ್ರಿ? ಎಂಟು ವರ್ಷ ನೋಡೇನಿ. ಕಣ್ಣಿಲ್ಲದಿದ್ರೂ ಬರಿತೀನಿ." ಹೆಬ್ಬೆರಳನ್ನು ಬಾಯಿಗಿಟ್ಟು ಒದ್ದೆ ಮಾಡಿಕೊಂಡಳು.

ಜುಲೇಖಾಬಿ ತನ್ನ ಗಂಡನತ್ತ ಒಮ್ಮೆ ನೋಡಿದಳು. ಆಮೇಲೆ ಎದ್ದು, ಗಾಳಿ ಬಾರದ ಹಾಗೆ ಕದ ಮುಚ್ಚಿದಳು.