ಗಾಳಿಹಗ್ಗ ಕೊಯ್ದ ಕಲ್ಲು

ಬಹಳ ಬಹಳ ಹಿಂದೆ, ಹುಲಿಯ ಮೈಗೆ ಇನ್ನೂ ಪಟ್ಟೆ ಬಳಿದಿರದ ಕಾಲದಲ್ಲಿ, ಹಿಮದ ನಾಡಿನಲ್ಲಿ ನಿಯಾಂಡರ್ತಲರೆಂಬ ದಪ್ಪ ಹುಬ್ಬೆಲುಬಿನ ಆದಿಮಾನವರ ಒಂದು ರಾಜ್ಯವಿತ್ತು. ರಾಜನಿಗೆ ಕಿರೀಟವಿರಲಿಲ್ಲ. ಅಷ್ಟು ದಪ್ಪ ಹುಬ್ಬಿರುವಾಗ ಕಿರೀಟ ಯಾಕೆ? ಆ ರಾಜ್ಯದಲ್ಲಿ ಕಲ್ಲಿನ ಹತ್ಯಾರು ಮಾಡುವುದರಲ್ಲಿ ಹುರ್ಬಿ ಎಂಬವಳನ್ನು ಮೀರಿಸುವವರೇ ಇರಲಿಲ್ಲ.

ಒಂದು ದಿನ ಮಂಜುಬಕ್ಕನೆಂಬ ಮಾಂತ್ರಿಕ ಅವಳ ಗಂಡ ಡೊಗ್ಗನನ್ನು ಹೊತ್ತೊಯ್ದು, ಹೆಪ್ಪುಗಟ್ಟಿದ ಕೆರೆಯ ದಡದಲ್ಲಿ ಗಾಳಿಯಿಂದ ಹೊಸೆದ ಹಗ್ಗದಲ್ಲಿ ಕಟ್ಟಿಹಾಕಿದ. ಹುರ್ಬಿ ಹುಡುಕಿಕೊಂಡು ಬಂದಳು.

“ಹೊತ್ತು ಮುಳುಗುವುದರೊಳಗೆ ಹಗ್ಗ ಕೊಯ್ದರೆ ಗಂಡ ನಿನ್ನವನು. ಇಲ್ಲದಿದ್ದರೆ ಮಂಜುಗಡ್ಡೆಯಾಗುತ್ತಾನೆ,” ಎಂದ ಮಾಂತ್ರಿಕ.

“ಬೇಗ ಕಣೇ, ಮೂಗು ಆಗಲೇ ಗಡ್ಡೆಯಾಯಿತು!” ಎಂದ ಡೊಗ್ಗ.

“ಅಷ್ಟು ಬೇಗ ಗಡ್ಡೆಯಾಗಲು ನಿಮ್ಮದೇನು ಚಿಕ್ಕ ಮೂಗೇ? ಸುಮ್ಮನಿರಿ,” ಎಂದಳು ಹುರ್ಬಿ.

ಒಂದು ಕಲ್ಲು ಎತ್ತಿಕೊಂಡಳು. ಮಾಂತ್ರಿಕ ಊದಿದ. ಕಲ್ಲು ಕಪ್ಪೆಯಾಗಿ ನೆಗೆದುಹೋಯಿತು. ಎರಡನೆಯದು ಎತ್ತಿಕೊಂಡಳು. ಊದಿದ. ಅದು ಕೌಜುಗವಾಗಿ ಹಾರಿಹೋಯಿತು. ಮೂರನೆಯದನ್ನು ತಟ್ಟಿ ನೋಡಿದಳು. ಟಣ್ ಎಂದಿತು. ತಕ್ಷಣ ಅದರ ಮೇಲೆ ಕುಳಿತೇಬಿಟ್ಟಳು. ಮಾಂತ್ರಿಕ ಎಷ್ಟು ಊದಿದರೂ ಉಸಿರು ಕಲ್ಲಿಗೆ ತಾಗಲಿಲ್ಲ.

‘ಮಾಡಲಿ ಬಿಡು,’ ಎಂದುಕೊಂಡ ಅವನು. ‘ಮಾಡಿದ ಮೇಲೆ ಕಸಿದರಾಯಿತು. ಗಾಳಿಯನ್ನೇ ಕೊಯ್ಯುವ ಹತ್ಯಾರು ಸಿಕ್ಕರೆ ಹಿಮದ ನಾಡೆಲ್ಲ ನನ್ನದು!’

ಅವನು ಊದುವುದು ನಿಲ್ಲಿಸಿದ್ದೇ ಹುರ್ಬಿ ಎದ್ದು, ಗುಂಡುಕಲ್ಲು ಹಿಡಿದು ಆ ಕಲ್ಲಿನ ಸುತ್ತ ಬಡಿದಳು, ಮೇಲೆ ಬಡಿದಳು, ಮತ್ತೆ ಸುತ್ತ ಬಡಿದಳು. ಕಲ್ಲು ಆಮೆಯ ಬೆನ್ನಿನಂತಾಯಿತು. ಡೊಗ್ಗನ ಸೊಂಟದವರೆಗೆ ಹಿಮ ಏರಿತು.

“ಸಾಕು ಮಾರಾಯ್ತಿ, ಆಮೆ ಚೆನ್ನಾಗಿದೆ!”

“ಅವಸರ ಮಾಡಿದರೆ ಕಲ್ಲೂ ಹೋಗುತ್ತದೆ, ನೀವೂ ಹೋಗುತ್ತೀರಿ.”

ಅಂಚಿನಲ್ಲಿ ಜಾಗ ನೋಡಿ ಒಂದೇ ಏಟು ಹಾಕಿದಳು. ಆಮೆಯ ಬೆನ್ನಿನಿಂದ ಎಲೆಯಂಥ ತೆಳು ಚಕ್ಕೆಯೊಂದು ಕಳಚಿ ಅವಳ ಅಂಗೈಗೆ ಬಿತ್ತು.

ಮಾಂತ್ರಿಕ ಹಾರಿಬಂದು ಆಮೆಗಲ್ಲನ್ನು ಕಸಿದುಕೊಂಡ. ಇನ್ಯಾರಿಗೂ ಸಿಗಬಾರದೆಂದು ಗುಳಕ್ಕನೆ ನುಂಗಿ, ಕೆರೆಯ ಮೇಲೆ ಓಡಿದ. “ಹತ್ಯಾರು ನನ್ನದು!”

“ಅಯ್ಯೋ ಪೆದ್ದೇ, ನೀನು ನುಂಗಿದ್ದು ಚಕ್ಕೆ ತೆಗೆದು ಮಿಕ್ಕಿದ ಕಲ್ಲುಗಟ್ಟಿ ಕಣೋ! ಹತ್ಯಾರು ಇಲ್ಲಿದೆ,” ಎಂದು ಹುರ್ಬಿ ಚಕ್ಕೆ ಎತ್ತಿ ತೋರಿಸಿದಳು. ಆ ಒಂದು ಚಕ್ಕೆಗಾಗಿಯೇ ಅಷ್ಟು ಹೊತ್ತು ಬಡಿಯುವುದೆಂದು ಆ ರಾಜ್ಯದ ತೊಟ್ಟಿಲ ಕೂಸಿಗೂ ಗೊತ್ತಿತ್ತು.

ಚಕ್ಕೆ ತಾಗಿದ್ದೇ ಗಾಳಿಹಗ್ಗ ಸರಕ್ಕನೆ ತುಂಡಾಯಿತು. ಅತ್ತ ಹೊಟ್ಟೆಯ ಭಾರಕ್ಕೆ ಕೆರೆಯ ಮಂಜುಗಡ್ಡೆ ಬಿರಿದು ಮಾಂತ್ರಿಕ ಮುಳುಗಿದ. ಅವನ ಮಂತ್ರವೂ ಮುಳುಗಿತು.

ಅಂದು ರಾಜ್ಯಕ್ಕೆಲ್ಲ ಔತಣ. ಉಣ್ಣೆಮೈಯ ಆನೆಯ ಮಾಂಸವನ್ನು ಹುರ್ಬಿಯೇ ಕೊಯ್ದು ಹಂಚಿದಳು. ಅಲ್ಲಿಂದ ಮುಂದೆ ಆ ನಾಡಿನಲ್ಲಿ ಅಳುವವರೇ ಸಿಗಲಿಲ್ಲ. ಎಲ್ಲರ ಬಾಯಿ ತುಂಬಿತ್ತು.