ಚಿಪ್ಪಿನೆಣ್ಣೆಯ ಗುಟ್ಟು

"ನಾನೇ ಸಾಕಿದ ಚಿಪ್ಪಿನ ಎಣ್ಣೆ ನಮ್ಮಮ್ಮನಿಗೇ ಸಿಗಲ್ವಾ? ಯಾವ ನ್ಯಾಯ ರೀ ಇದು!"

ಪ್ರಯೋಗಾಲಯದ ಬಾಗಿಲಲ್ಲಿ ಗುಡುಗಿದವನು ಸಮುದ್ರದಲ್ಲಿ ಹಗ್ಗ ಇಳಿಬಿಟ್ಟು ಕಪ್ಪೆಚಿಪ್ಪು ಸಾಕುವವನು. ಅವನ ಹಿಂದೆ ಮಂಡಿನೋವಿನ ತಾಯಿ.

ಒಳಗಿದ್ದ ಸಂಶೋಧಕಿ ಕೈಯಲ್ಲಿದ್ದ ಗಾಜಿನ ಕೊಳವೆಯನ್ನು ಕೆಳಗಿಟ್ಟಳು. ಚಿಪ್ಪಿನ ಮಾಂಸದಿಂದ ಕೊಬ್ಬು ಬೇರ್ಪಡಿಸುವುದು ಅವಳ ಕೆಲಸ. ಅದರಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಂಶ ಮಂಡಿಯ ಊತ ಇಳಿಸಬಹುದೇ ಎಂದು ನೋಡಲು ಪರೀಕ್ಷೆ ನಡೆದಿತ್ತು: ಮಂಡಿನೋವಿನವರಲ್ಲಿ ಅರ್ಧ ಜನಕ್ಕೆ ಆ ಎಣ್ಣೆಯ ಗುಳಿಗೆ, ಉಳಿದರ್ಧಕ್ಕೆ ಬರೀ ಅಡುಗೆ ಎಣ್ಣೆಯದು.

"ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಪರೀಕ್ಷೆ ಮುಗಿಯೋವರೆಗೂ ಯಾರಿಗೂ ಹೇಳಲ್ಲ. ಗೊತ್ತಾದ್ರೆ ಮನಸ್ಸೇ ನೋವು ಕಮ್ಮಿ ಮಾಡಿಬಿಡುತ್ತೆ!"

ಅವನು ಪೆಚ್ಚಾದ. "ಕೂಗಾಡಿಬಿಟ್ಟೆ... ಸಾರಿ ಮೇಡಂ."

ಆಮೇಲೆ ಪ್ರತಿ ವಾರ ತಾಯಿಯನ್ನು ಕರೆತಂದು ಅವಳ ಮೇಜಿನ ಬಳಿ ಹರಟುತ್ತ ನಿಲ್ಲುತ್ತಿದ್ದ. ಅವಳು ನಕ್ಕರೆ ಸಾಕು, ಹೇಳಬೇಕಾದ ಮಾತೇ ಮರೆತುಹೋಗುತ್ತಿತ್ತು ಮಹಾರಾಯನಿಗೆ.

'ಛೇ, ಅವನು ಬಂದ್ರೆ ನನಗ್ಯಾಕೆ ಎದೆ ಹೀಗೆ ಹೊಡ್ಕೊಳ್ಳುತ್ತೆ?' ಎಂದುಕೊಳ್ಳುತ್ತಿದ್ದಳು ಅವಳು.

"ಬೆಣ್ಣೆ ಹಚ್ತಿದಾನೆ ಕಣೇ!" ಎಂದಳು ಜೊತೆ ಕೆಲಸದವಳು. "ಗುಳಿಗೆ ಯಾವುದು ಅಂತ ನಿಂಗೆ ಗೊತ್ತಿದೆ ಅಂದ್ಕೊಂಡಿದಾನೆ. ಬಾಯಿ ಬಿಡ್ಸೋಕೆ ಈ ನಾಟಕ!"

ಅಷ್ಟೇ, ಅವಳ ತಲೆಗೆ ಹುಳ ಹೊಕ್ಕಿತು. ಮುಂದಿನ ವಾರ, "ನೀವು ಕೆಳಗೇ ಇರಿ, ಅಮ್ಮ ಒಬ್ಬರೇ ಬರಲಿ," ಎಂದುಬಿಟ್ಟಳು. ಅವನು ಮೆಟ್ಟಿಲಿಳಿದು ಹೋದ. ಅವಳಿಗೆ ಅಳು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ!

ಕುರ್ಚಿಯಿಂದ ಏಳುವಾಗ ತಾಯಿ ನೋವಿನಿಂದ ಮುಖ ಕಿವುಚಿದರು. ಪ್ರತಿ ವಾರ 'ನೋವೇ ಇಲ್ಲ' ಎಂದು ಬರೆಸುತ್ತಿದ್ದವರು ಇವರೇ!

"ನಿಜ ಹೇಳಿ ಅಮ್ಮಾ... ನೋವಿದೆ ತಾನೇ?"

"ಮೊದಲಿನಷ್ಟೇ ಇದೆ ಕಣಮ್ಮ. ಗುಣ ಇಲ್ಲ ಅಂದ್ರೆ ಮಗ ಬೇರೆ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಾನೆ. ಆಮೇಲೆ ಅವನು ನಿನ್ನ ನೋಡೋದು ಹ್ಯಾಗೆ? ಮನೇಲೆಲ್ಲ ನಿನ್ನದೇ ಜಪ. ಕೇಳಿದ್ರೆ ಮಾತ್ರ 'ಏನಿಲ್ಲಮ್ಮ' ಅಂತಾನೆ!"

ಅವಳು ದಂಗಾದಳು. ಆ ಮೊದಲ ದಿನ ಬಿಟ್ಟರೆ ಅವನು ಗುಳಿಗೆಯ ಸುದ್ದಿಯನ್ನೇ ಎತ್ತಿರಲಿಲ್ಲ... ಒಂದು ಸಲವೂ!

ದಡದಡನೆ ಕೆಳಗಿಳಿದಳು. ಅವನು ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ.

"ನಿಮ್ಮಮ್ಮನಿಗೆ ನೋವು ಕಮ್ಮಿಯಾಗಿಲ್ಲ. ಸುಳ್ಳು ಹೇಳ್ತಿದ್ರು."

"ಆಂ? ಹಾಗಾದ್ರೆ ಅವರಿಗೆ ಅಡುಗೆ ಎಣ್ಣೆ..."

"ಅದೂ ಗೊತ್ತಿಲ್ಲ! ಚಿಪ್ಪಿನೆಣ್ಣೆಯೇ ಆಗಿದ್ರೂ ಎಲ್ಲರಿಗೂ ಗುಣ ಕೊಡಬೇಕಂತಿಲ್ಲ. ಸುಳ್ಳು ಬರೆಸಿದ್ದಕ್ಕೆ ಅವರನ್ನ ಪರೀಕ್ಷೆಯಿಂದ ಕೈಬಿಡಬೇಕಾಗುತ್ತೆ. ಒಳ್ಳೆ ಡಾಕ್ಟರಿಗೆ ತೋರಿಸಿ."

ಅವನ ಮುಖ ಸಪ್ಪಗಾಯಿತು. "ಅಂದ್ರೆ... ನಾನಿನ್ನು ಬರೋ ಹಾಗಿಲ್ಲ."

"ಇಷ್ಟು ದಿನ ಯಾಕೆ ಬರ್ತಿದ್ರಿ? ಮೊದಲು ಅದನ್ನ ಹೇಳಿ!"

"ನಿಮ್ಮನ್ನ ನೋಡೋಕೆ," ಎಂದ ಅವನು, ಮೆಲ್ಲಗೆ. "ನೀವಂದ್ರೆ ನನಗೆ ತುಂಬಾ ಇಷ್ಟ. ಮೊದಲೇ ಹೇಳಿದ್ರೆ ನಂಬ್ತಿದ್ರಾ?"

"ಇಲ್ಲ."

"ಈಗ?"

"ಗೊತ್ತಿಲ್ಲ..." ಅವಳು ಅವನ ಪಕ್ಕದಲ್ಲೇ ಕುಳಿತಳು. "ಇನ್ನೊಂದ್ಸಲ ಹೇಳಿ, ನೋಡೋಣ."